ಸುಳ್ಳ್ ಬರ್ದದ್ಕೆ ದುಡ್ಡ್ ಕೊಡ್ತ್ರಾ?

'ಕಥೆ ಮಾರಾಟವಾಯ್ತು' ಅಂತ ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ಗಮನಿಸಿದ್ದೀರಾ? ನಮ್ಮಲ್ಲಿ ಕಥೆ 'ಬರುತ್ತದೆ'. 'ಪ್ರಕಟವಾಗುತ್ತದೆ'. ಇಲ್ಲವೇ ಸಂಪಾದಕರು ಅದನ್ನು 'ಹಾಕುತ್ತಾರೆ'. ಮಾರಾಟವಾಗುವುದು ಬಂಗುಡೆ, ತೆಂಗಿನಕಾಯಿ, ಹೆದ್ದಾರಿ ಬದಿಯ ಸೈಟು. ಕಥೆಗೆ ಸಿಗುವ ಹಣಕ್ಕೂ ನಾವು ಬೆಲೆ ಅನ್ನುವುದಿಲ್ಲ, ಗೌರವಧನ ಅನ್ನುತ್ತೇವೆ. ಗೌರವ ಮೊದಲು, ಧನ ಆಮೇಲೆ, ಅದೂ ಬಂದರೆ ಬಂತು.

ನನ್ನ ಮೊದಲ ಕಥೆಗೆ ಬಂದ ಗೌರವಧನ 1,000 ರೂಪಾಯಿ. ಕಥೆ ಅಚ್ಚಾಗಿ ಮೂರು ತಿಂಗಳಾದ ಮೇಲೆ, ಬೆಂಗಳೂರಿನ ಆಫೀಸಿನಲ್ಲಿ ಸ್ಟ್ಯಾಂಡಪ್ ಮೀಟಿಂಗ್ ನಡೆಯುತ್ತಿರುವಾಗ ಬ್ಯಾಂಕಿನಿಂದ ಮೆಸೇಜ್ ಬಂತು. ತಿಂಗಳ ಸಂಬಳ ಬಂದಾಗಲೂ ಮೊಬೈಲ್ ಹಾಗೆ ಎರಡೆರಡು ಸಲ ತೆಗೆದು ನೋಡಿದವಳಲ್ಲ ನಾನು. ಆ ಕಥೆಗೆ ಏಳು ತಿಂಗಳ ರಾತ್ರಿಗಳು ಹೋಗಿದ್ದವು. ಗಂಟೆಗೆ ಇಷ್ಟು ಅಂತ ಲೆಕ್ಕ ಹಾಕಿದರೆ ನಮ್ಮ ಪಿ.ಜಿ. ಎದುರಿನ ಟೀ ಅಂಗಡಿಯ ಒಂದು ಟೀಗೂ ಸಾಲದು. ಆದರೂ ಆ ಸಾವಿರ ರೂಪಾಯಿಯನ್ನು ಬಹಳ ದಿನ ಖರ್ಚು ಮಾಡಲಿಲ್ಲ. ಖಾತೆಯಲ್ಲಿ ಉಳಿದ ದುಡ್ಡಿನ ಜೊತೆ ಅದು ಕಲಸಿಹೋಗಿದೆ ಅಂತ ಗೊತ್ತಿದ್ದೂ, ಅದೊಂದು ಸಾವಿರ ಬೇರೆ ಕುಳಿತಿದೆ ಅಂತ ಅನ್ನಿಸುತ್ತಿತ್ತು.

ನಾವುಂದಕ್ಕೆ ಫೋನ್ ಮಾಡಿದೆ. ಅಬ್ಬಿ (ನಮ್ಮ ಕಡೆ ಅಮ್ಮನಿಗೆ ಹಾಗೆ ಹೇಳುವುದು) ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಸುಳ್ಳ್ ಬರ್ದದ್ಕೆ ದುಡ್ಡ್ ಕೊಡ್ತ್ರಾ?"

ಅದರಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಆಶ್ಚರ್ಯ. ಆಗದೇ ಇದ್ದದ್ದನ್ನು ಆಯಿತು ಅಂತ ಬರೆದರೆ ಯಾರೋ ದೂರದಲ್ಲಿ ಕೂತವರು ದುಡ್ಡು ಕಳಿಸುತ್ತಾರೆ ಅನ್ನುವುದು ಅವರಿಗೆ ಹೊಸ ಸುದ್ದಿ. ಅಪ್ಪಯ್ಯ ಮಾತ್ರ ಏನೂ ಹೇಳಲಿಲ್ಲ. ಅವರು ಪತ್ರಿಕೆ ಬಂದ ದಿನವೇ ಪೇಟೆಗೆ ಹೋಗಿ ಐದು ಪ್ರತಿ ತಂದು, ನೆಂಟರ ಮನೆಗಳಿಗೆ ಹಂಚಿ ಮುಗಿಸಿದ್ದರು ಅಂತ ಆಮೇಲೆ ತಮ್ಮನಿಂದ ಗೊತ್ತಾಯ್ತು. ಅಂದರೆ ನನ್ನ ಮೊದಲ ಕಥೆಯ ಅತಿ ದೊಡ್ಡ ಗಿರಾಕಿ ನಮ್ಮ ಮನೆಯಲ್ಲೇ ಇದ್ದರು.

ಅಬ್ಬಿಯ ಪ್ರಶ್ನೆಗೆ ಉತ್ತರ ಅವರ ಅಂಗಳದಲ್ಲೇ ಇತ್ತು ಅಂತ ನನಗೆ ಹೊಳೆದದ್ದು ತಡವಾಗಿ. ಕಥೆಗೆ ದುಡ್ಡು ಕೊಡುವುದರಲ್ಲಿ ನಮ್ಮ ಸೀಮೆಯನ್ನು ಮೀರಿಸಿದವರು ಯಾರಿದ್ದಾರೆ? ಮಾರಣಕಟ್ಟೆ ಮೇಳದ್ದೋ ಮಂದಾರ್ತಿ ಮೇಳದ್ದೋ ಒಂದು ಹರಕೆ ಆಟ ಆಡಿಸಲು ವರ್ಷಗಟ್ಟಲೆ ಮುಂಚೆ ಹೆಸರು ಬರೆಸಿ ಕಾಯುವವರು ನಾವು. ಗದ್ದೆ ಹಸನು ಮಾಡಿ, ರಂಗಸ್ಥಳ ಕಟ್ಟಿಸಿ, ಊರಿಗೆಲ್ಲ ಊಟ ಹಾಕಿ, ರಾತ್ರಿಯಿಡೀ ಕಥೆ ಕೇಳಿಸುತ್ತೇವೆ. ಎಲ್ಲರಿಗೂ ಮೊದಲೇ ಗೊತ್ತಿರುವ ಕಥೆ. ಭೀಷ್ಮನ ಬಾಯಲ್ಲಿ ಇವತ್ತಿನ ವೇಷಧಾರಿ ಹೊಸದಾಗಿ ಏನು ಹೇಳಿಸುತ್ತಾನೆ ಅನ್ನುವ ಒಂದು ಕುತೂಹಲಕ್ಕೆ ಇಷ್ಟೆಲ್ಲ ಖರ್ಚು. ಇದನ್ನು ಅಬ್ಬಿಗೆ ಹೇಳಿದೆ. "ಅದ್ ದೇವ್ರ್ ಕಾರ್ಯ ಮಗಾ, ನಿಂದ್ ಹಾಂಗಲ್ಲ" ಅಂದರು. ಅದಕ್ಕೆ ಉತ್ತರ ನನ್ನಲ್ಲಿ ಇಲ್ಲ.

ಹೆಸರಿಲ್ಲದೆ ಹೆಸರಾದವರು

ನಾವುಂದದಲ್ಲಿ ಹುಟ್ಟಿ ಬರೆಯಲು ಕೂತರೆ ಒಂದು ತೊಂದರೆ ಇದೆ. ಸುತ್ತಮುತ್ತ ದೊಡ್ಡವರು ತುಂಬಾ. ಸ್ವಲ್ಪ ಆಚೆ ಮೊಗೇರಿ, ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ ಊರು. ಕುಂದಾಪುರ ದಾಟಿ ದಕ್ಷಿಣಕ್ಕೆ ಹೋದರೆ ಕೋಟ, ಶಿವರಾಮ ಕಾರಂತರದ್ದು. ಶಾಲೆಯಲ್ಲಿ ಇವರ ಹೆಸರು ಕೇಳಿ ಕೇಳಿ, ಬರೆಯುವುದೆಂದರೆ ಅವರಂಥವರು ಮಾಡುವ ಕೆಲಸ, ನಾವು ಮಾಡುವುದಲ್ಲ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆ ಭಯ ಬಿಡಿಸಿದ್ದು ವೈದೇಹಿ. ಅವರು 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದವರು. ಅವರ ಕಥೆಗಳಲ್ಲಿ ಹೆಂಗಸರು ನಮ್ಮ ಮನೆ ಜಗಲಿಯಲ್ಲಿ ಮಾತಾಡಿದ ಹಾಗೇ ಮಾತಾಡುತ್ತಾರೆ. ಪಿಯುಸಿಯಲ್ಲಿ ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ನಮ್ಮ ಮಾತು ಅಚ್ಚಾಗಿರುವುದನ್ನು ನೋಡಿ, ಇದನ್ನು ಹೀಗೆ ಬರೆಯಬಹುದಾ ಅಂತ ಬೆರಗಾಗಿತ್ತು.

ಅವರ ಹೆಸರಿನ ಕಥೆ ನಿಮಗೆ ಗೊತ್ತಿರಬಹುದು. ಬರೆಯಲು ಶುರುಮಾಡಿದ ಕಾಲದಲ್ಲಿ 'ಸುಧಾ' ವಾರಪತ್ರಿಕೆಗೆ ಒಂದು ಬರಹ ಕಳಿಸಿದರು. ಆಮೇಲೆ, ಅದರಲ್ಲಿ ನಿಜವಾಗಿ ನಡೆದ ಸಂಗತಿ ಇದೆ, ಹಾಕಬೇಡಿ ಅಂತ ತಿಳಿಸಿದರು. ಸಂಪಾದಕರು ಬರಹವನ್ನು ಬಿಡಲಿಲ್ಲ, ಹೆಸರನ್ನು ಬದಲಾಯಿಸಿದರು. 'ವೈದೇಹಿ' ಅಂತ ಹಾಕಿ ಪ್ರಕಟಿಸಿದರು. ಜಾನಕಿ ಶ್ರೀನಿವಾಸಮೂರ್ತಿ ಅವರು ಹಾಗೆ ವೈದೇಹಿಯಾದರು. 1979ರಲ್ಲಿ 'ಮರ ಗಿಡ ಬಳ್ಳಿ' ಸಂಕಲನ ಬಂತು. 'ಕ್ರೌಂಚ ಪಕ್ಷಿಗಳು' ಕಥಾಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 'ಗುಲಾಬಿ ಟಾಕೀಸು' ಕಥೆಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದರ ಅಭಿನಯಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಯಾರದೋ ಗುಟ್ಟು ಕಾಯಲು ಇಟ್ಟ ಹೆಸರು ಇಡೀ ನಾಡಿಗೆ ಗೊತ್ತಾದ ಹೆಸರಾಯಿತು.

ಕನ್ನಡ ಸಣ್ಣಕಥೆಯೇ ಒಂದು ರೀತಿಯಲ್ಲಿ ಹೀಗೆ ಬೇರೆ ಹೆಸರಿನಲ್ಲಿ ಬೆಳೆದದ್ದು. ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಕೆಲವು ಸಣ್ಣ ಕತೆಗಳು' 1920ರಲ್ಲಿ ಬಂತು, ಅವರು ಬರೆಯುತ್ತಿದ್ದದ್ದು 'ಶ್ರೀನಿವಾಸ' ಅನ್ನುವ ಹೆಸರಿನಲ್ಲಿ. ಸರ್ಕಾರಿ ಅಧಿಕಾರಿಗೆ ಅದೊಂದು ಮರೆ. ಇವತ್ತು ಐಟಿ ಕಂಪೆನಿಯಲ್ಲಿ ಕೂತು ಬರೆಯುವ ನನ್ನಂಥವರಿಗೂ ಮರೆ ಬೇಕಾಗುತ್ತದೆ, ಮ್ಯಾನೇಜರ್ ಓದಿದರೆ ಅಂತ. (ಓದುವುದಿಲ್ಲ. ಚಿಂತೆ ಬೇಡ.)

"ಬರಿ, ಓದುವರ್ ಯಾರ್ ಇದ್ರ್?"

ಈಗ ನನ್ನ ಎರಡನೆಯ ಕಥೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ದುಡ್ಡಿಗಿಂತ ದೊಡ್ಡದೊಂದು ಸಿಕ್ಕಿದ್ದು ಅದರಿಂದ.

ನಮ್ಮ ಮನೆಯ ಹತ್ತಿರ ಒಬ್ಬ ದೊಡ್ಡಮ್ಮ ಇದ್ದಾರೆ. ಸಂಬಂಧದಲ್ಲಿ ಅಲ್ಲ, ಕರೆಯುವುದು ಹಾಗೆ. ಗಂಗೊಳ್ಳಿಯಿಂದ ಮೀನು ತಂದು ಬುಟ್ಟಿ ಹೊತ್ತು ಮನೆ ಮನೆಗೆ ಮಾರಿ ಮೂರು ಮಕ್ಕಳನ್ನು ಬೆಳೆಸಿದವರು. ಜೂನ್ 1ರಿಂದ ಜುಲೈ ಕೊನೆಯವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಸಾಡಿ ಮಳೆ, ಮನೆಯಲ್ಲಿ ಕೆಲಸವಿಲ್ಲದ ಗಂಡಸು, ಕೈಯಲ್ಲಿ ಕಾಸಿಲ್ಲ. ಅಂಥ ಒಂದು ದಿನ ಜಗಳವಾಡಿ ಅವರು ಮನೆ ಬಿಟ್ಟು ಹೊರಟಿದ್ದರಂತೆ. ಎಷ್ಟೋ ವರ್ಷದ ಹಿಂದಿನ ಮಾತು. ಮೀನು ಕೊಯ್ಯುತ್ತಾ ನಗಾಡಿಕೊಂಡೇ ಹೇಳಿದ್ದರು.

ಅದು ನನ್ನ ತಲೆಯಲ್ಲಿ ಕೂತಿತು. ಕಥೆಯಲ್ಲಿ ಆ ಹೆಂಗಸು ಮರವಂತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಲ್ಲುತ್ತಾಳೆ. ಮರವಂತೆ ನೋಡಿದವರಿಗೆ ಗೊತ್ತು, ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ನೀವು ಅಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಂಡಿರುತ್ತೀರಿ. ಮಳೆಗಾಲದಲ್ಲಿ ಆ ಜಾಗ ಬೇರೆಯೇ. ಉತ್ತರಕ್ಕೆ ಹೋದರೆ ಗಂಡನ ಮನೆ, ದಕ್ಷಿಣಕ್ಕೆ ಹೋದರೆ ತಂಗಿಯ ಮನೆ. ಎರಡೂ ಕಡೆಯ ಬಸ್ಸು ಒಟ್ಟಿಗೇ ಬರುತ್ತವೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಬರೆಯುವ ಮೊದಲೇ ದೊಡ್ಡಮ್ಮನ ಹತ್ತಿರ ಹೋಗಿ ಹೇಳಿದೆ, "ನಿಮ್ ಸಂಗತಿ ಇಟ್ಕಂಡ್ ಒಂದ್ ಕಥಿ ಬರಿತೆ, ಅಡ್ಡಿಲ್ಲ ಅಲ್ದಾ?" ಅಂತ. ಅವರು ಬುಟ್ಟಿಯಿಂದ ತಲೆ ಎತ್ತದೆ, "ಬರಿ ಮಗಾ, ಓದುವರ್ ಯಾರ್ ಇದ್ರ್?" ಅಂದರು.

ಓದಿದರು. ಮೊದಲು ಒಬ್ಬ ಸಂಪಾದಕರು ಓದಿ, ಕಥೆ ಚೆನ್ನಾಗಿದೆ, ಆದರೆ ಸಂಭಾಷಣೆಯನ್ನು 'ಎಲ್ಲರಿಗೂ ಅರ್ಥವಾಗುವ ಕನ್ನಡಕ್ಕೆ' ಬದಲಾಯಿಸಿ ಕಳಿಸಿ ಅಂದರು. ಆ ಪತ್ರಿಕೆಯ ಹೆಸರು ಇಲ್ಲಿ ಬೇಡ, ಅವರು ಕೆಟ್ಟವರೇನಲ್ಲ. ಒಂದು ರಾತ್ರಿ ಕೂತು ಪ್ರಯತ್ನಿಸಿದೆ. 'ಬಪ್ಪುದು' ಹೋಗಿ 'ಬರುವುದು' ಆಯ್ತು, 'ಎಂತಕ್ಕೆ' ಹೋಗಿ 'ಏತಕ್ಕೆ' ಆಯ್ತು. ಓದಿ ನೋಡಿದರೆ ದೊಡ್ಡಮ್ಮ ಟಿವಿ ಧಾರಾವಾಹಿಯ ಅತ್ತೆಯ ಹಾಗೆ ಮಾತಾಡುತ್ತಿದ್ದರು. ಬದಲಾಯಿಸುವುದಿಲ್ಲ ಅಂತ ಬರೆದೆ. ಕಥೆ ವಾಪಸ್ ಬಂತು. ಬೇರೆ ಪತ್ರಿಕೆಗೆ ಕಳಿಸಿದೆ, ಅವರು ಒಂದಕ್ಷರ ಮುಟ್ಟದೆ ಹಾಕಿದರು, 1,500 ರೂಪಾಯಿ ಕೊಟ್ಟರು. ಕುಂದಗನ್ನಡಕ್ಕೆ 500 ರೂಪಾಯಿ ಜಾಸ್ತಿ ಅಂತ ನಾನು ತಮಾಷೆ ಮಾಡುವುದಿದೆ.

ದೊಡ್ಡಮ್ಮನಿಗೆ ಓದಲು ಬರುವುದಿಲ್ಲ. ಮೊಮ್ಮಗಳು ಮೊಬೈಲಿನಲ್ಲಿ ತೆಗೆದು ಪೂರ್ತಿ ಓದಿ ಹೇಳಿದ್ದಾಳೆ. ಮುಂದಿನ ಸಲ ನಾನು ಪಂಚಗಂಗಾ ರೈಲಿನಿಂದ ಇಳಿದು ಮನೆಗೆ ಬರುವಷ್ಟರಲ್ಲಿ ದೊಡ್ಡಮ್ಮ ನಮ್ಮ ಜಗಲಿಯಲ್ಲಿ ಕೂತಿದ್ದರು. ನಾನು ಬೆವೆತುಹೋದೆ. ಯಾರದೋ ಬದುಕನ್ನು ಎತ್ತಿ ಪೇಪರಿಗೆ ಹಾಕಿದವರಿಗೆ ಈ ಬೆವರು ಗೊತ್ತಿರುತ್ತದೆ. ಒಪ್ಪಿಗೆ ಕೇಳಿದ್ದೇನೆ ಅನ್ನುವ ಧೈರ್ಯ ಆ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ದೊಡ್ಡಮ್ಮ ಕೇಳಿದ್ದು ಒಂದೇ: "ಕಡಿಗೆ ಆ ಹೆಣ್ಣ್ ಮನಿಗ್ ಹೋಯ್ತಾ ಇಲ್ಯಾ?"

ತನ್ನ ಕಥೆ ಅಂತ ಅಲ್ಲ, ಯಾರೋ ಒಬ್ಬ ಹೆಣ್ಣುಮಗಳ ಬಗ್ಗೆ ಚಿಂತೆಯಿಂದ ಕೇಳುತ್ತಿದ್ದರು. ಮಳೆಯಲ್ಲಿ ನಿಲ್ಲಿಸಿ ಬಂದಿದ್ದೀಯಲ್ಲ, ಅದರ ಗತಿ ಏನಾಯ್ತು ಅಂತ. "ನಿಮ್ಗೇ ಗೊತ್ತಿತ್ತಲೆ ದೊಡ್ಡಮ್ಮ" ಅಂದೆ. "ನಾನ್ ಹೋಯಿದೆ. ಅದ್ ಹೋಯ್ತಾ ಅಂತ ಕೇಂಡದ್ದ್" ಅಂದರು.

ಪ್ರಶಸ್ತಿ ಸಮಿತಿಗಳ ಶಿಫಾರಸು ಪತ್ರಗಳಲ್ಲಿ 'ಪಾತ್ರಗಳು ಸ್ವಂತ ಜೀವ ಪಡೆದಿವೆ' ಅಂತ ಒಂದು ಸಾಲು ಬರೆದಿರುತ್ತಾರಲ್ಲ. ನನ್ನ ಪಾಲಿಗೆ ಆ ಸಾಲನ್ನು ಬರೆದವರು ದೊಡ್ಡಮ್ಮ.

15 ರೂಪಾಯಿಯ ಲೆಕ್ಕ

ಹನ್ನೆರಡು ಕಥೆಗಳಾದ ಮೇಲೆ ಪುಸ್ತಕ ಬಂತು. ಇಲ್ಲಿ ಲೆಕ್ಕ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಹೇಳುವುದಿಲ್ಲ. ಬೆಲೆ 150 ರೂಪಾಯಿ. ಲೇಖಕರಿಗೆ ಶೇ. 10, ಅಂದರೆ ಪ್ರತಿಗೆ 15. ಅಚ್ಚಾದದ್ದು 500. ಒಂದೂವರೆ ವರ್ಷದಲ್ಲಿ ಮಾರಾಟವಾದದ್ದು 340. ನನಗೆ ಬಂದದ್ದು 5,100 ರೂಪಾಯಿ. ಒಂದು ಕಥೆಗೆ 425. ವೀಕೆಂಡ್‌ನಲ್ಲಿ ಇಬ್ಬರು ಇಂದಿರಾನಗರಕ್ಕೆ ಊಟಕ್ಕೆ ಹೋದರೆ ಆ 5,100ರಲ್ಲಿ ಅರ್ಧ ಮುಗಿಯುತ್ತದೆ.

ಆದರೆ 340 ಅನ್ನುವುದನ್ನು ಇನ್ನೊಂದು ಥರ ನೋಡಿ. ನಮ್ಮ ಮನೆಯ ಗದ್ದೆಯಲ್ಲಿ 340 ಜನ ಬಂದು ಕೂತರೆ ಆಟಕ್ಕೆ ಒಳ್ಳೆ ಜನ ಸೇರಿತ್ತು ಅಂತ ಊರು ಹೇಳುತ್ತದೆ.

ಪುಸ್ತಕ ಮಾರುವುದು ಕನ್ನಡದಲ್ಲಿ ಎಂದೂ ಸುಲಭವಾಗಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಜಿ.ಪಿ. ರಾಜರತ್ನಂ ಪುಸ್ತಕದ ಚೀಲ ಹಿಡಿದು ಮನೆ ಬಾಗಿಲಿಗೆ ಹೋಗುತ್ತಿದ್ದರು. ನಾವು ವಾಟ್ಸಾಪ್ ಸ್ಟೇಟಸ್ ಹಾಕಿ ನಾಚಿಕೊಳ್ಳುತ್ತೇವೆ. ಹೋಲಿಸಿದರೆ ನಮ್ಮ ಭುಜಕ್ಕೆ ಏನೂ ಭಾರವಿಲ್ಲ.

ಬಾಗಿಲುಗಳೂ ಈಗ ಜಾಸ್ತಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ವಸುಧೇಂದ್ರ ಅವರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾನೇ ಅಚ್ಚು ಹಾಕುತ್ತಾ ಬಂದಿದೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಇವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಆಡಿಯೋ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬರೆಯುವವರು ಓದುತ್ತಿದ್ದರೆ ಒಂದು ಮಾತು. ಸಹಿ ಹಾಕುವ ಮೊದಲು ಒಪ್ಪಂದ ಓದಿ. ನಮ್ಮ 1957ರ ಕಾಯ್ದೆ ಪ್ರಕಾರ ಕೃತಿಸ್ವಾಮ್ಯ ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ನಮೂದಿಸದಿದ್ದರೆ ಐದು ವರ್ಷ ಅಂತ ಲೆಕ್ಕ. ಅನುವಾದ, ಆಡಿಯೋ, ಸಿನಿಮಾ ಇವೆಲ್ಲ ಬೇರೆ ಬೇರೆ ಹಕ್ಕುಗಳು, 'ಎಲ್ಲ ಹಕ್ಕು ಪ್ರಕಾಶಕರಿಗೆ' ಅನ್ನುವ ಒಂದು ಸಾಲಿನಲ್ಲಿ ಕೊಟ್ಟುಬಿಡಬೇಡಿ. ನನ್ನ ಕಥೆಯನ್ನು ಯಾರು ಸಿನಿಮಾ ಮಾಡುತ್ತಾರೆ ಅನ್ನಬೇಡಿ. ವೈದೇಹಿಯವರೂ ಕಥೆ ಬರೆಯುವಾಗ ಸಿನಿಮಾ ನೆನೆದು ಬರೆದಿರಲಾರರು.

ಆ ಮೇ ತಿಂಗಳ ರಾತ್ರಿ

2025ರ ಮೇ 20, ಲಂಡನ್. ನಮಗಾಗಲೇ ಮಧ್ಯರಾತ್ರಿ ದಾಟಿತ್ತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲನೆಯದು, ಅಷ್ಟೇ ಅಲ್ಲ, ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಮೊದಲ ಸಲ. ಅದರಲ್ಲಿರುವುದೂ ಹನ್ನೆರಡು ಕಥೆ, ಮೂರು ದಶಕಗಳಲ್ಲಿ ಬರೆದವು. ಬಹುಮಾನ 50,000 ಪೌಂಡ್, ಅದರಲ್ಲಿ ಸರಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರಿಗೆ. ಕನ್ನಡ, ಉರ್ದು ಪದಗಳನ್ನು ಅವರು ಹಾಗೇ ಉಳಿಸಿಕೊಂಡಿದ್ದಾರೆ, ಅಡಿಟಿಪ್ಪಣಿ ಹಾಕಿ ವಿವರಿಸಲು ಹೋಗಿಲ್ಲ. 'ಬಪ್ಪುದು' ಬದಲಾಯಿಸಿ ಅಂದ ಸಂಪಾದಕರನ್ನು ಅವತ್ತು ನೆನೆದೆ.

ಇದಕ್ಕೆ ಮೊದಲು ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' ದಕ್ಷಿಣ ಏಷ್ಯಾದ ಡಿಎಸ್‌ಸಿ ಪ್ರಶಸ್ತಿ ಪಡೆದಿತ್ತು, ತೇಜಸ್ವಿನಿ ನಿರಂಜನ ಅನುವಾದಿಸಿದ್ದು. ಆಗ ನಮ್ಮ ಆಫೀಸಿನಲ್ಲಿ ಯಾರಿಗೂ ಸುದ್ದಿ ತಟ್ಟಲಿಲ್ಲ. ಬೂಕರ್ ಮಾರನೆಯ ದಿನ ಹಾಗಾಗಲಿಲ್ಲ. ಪುಣೆಯಿಂದ ಬಂದ ಟೀಮ್ ಲೀಡ್ ನನ್ನ ಸೀಟಿನ ಹತ್ತಿರ ಬಂದು, ನೀನೂ ಕನ್ನಡದಲ್ಲಿ ಕಥೆ ಬರೀತೀಯಂತಲ್ಲ, ನನಗೆ ಒಂದು ಹೇಳು ಅಂದರು. ಕ್ಯಾಂಟೀನಿನಲ್ಲಿ ಇಂಗ್ಲಿಷಿನಲ್ಲಿ ಮರವಂತೆಯ ಕಥೆ ಹೇಳಿದೆ. ಹೇಳುತ್ತಾ ಹೇಳುತ್ತಾ 'ಆಸಾಡಿ'ಗೆ ಇಂಗ್ಲಿಷ್ ಸಿಗಲಿಲ್ಲ, ಹಾಗೇ ಬಿಟ್ಟೆ. ಅವರು ಕೊನೆಗೆ ಕೇಳಿದ್ದೂ ದೊಡ್ಡಮ್ಮನ ಪ್ರಶ್ನೆಯನ್ನೇ.

ಒಬ್ಬರಿಗೆ ಬೂಕರ್ ಬಂದರೆ ಉಳಿದವರ ಪುಸ್ತಕ ಖರ್ಚಾಗುತ್ತದೆ ಅಂತ ನಾನು ನಂಬುವುದಿಲ್ಲ. ನನ್ನ 340 ಏನೂ ಒಮ್ಮೆಗೇ ಏರಲಿಲ್ಲ. ಆದರೆ 'ಯಾಕೆ ಬರೀತೀಯ, ಯಾವುದಾದರೂ ಸರ್ಟಿಫಿಕೇಶನ್ ಮಾಡ್ಕೋ' ಅನ್ನುತ್ತಿದ್ದ ಚಿಕ್ಕಪ್ಪ ಅನ್ನುವುದನ್ನು ನಿಲ್ಲಿಸಿದ್ದಾರೆ. ನಮ್ಮ ಮನೆತನದ ಮಟ್ಟಿಗೆ ಇದು ಸಣ್ಣ ಬದಲಾವಣೆ ಅಲ್ಲ.

ಕಳೆದ ಮಳೆಗಾಲದಲ್ಲಿ ಮುಂಬಯಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ನಮ್ಮ ಕಡೆಯ ಹುಡುಗ, ಹೋಟೆಲಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವನು, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಾಡಿದ್ದು. ಹಿಂದೆ ಪಾತ್ರೆ ತೊಳೆಯುವ ಸದ್ದು. "ಅಕ್ಕಾ, ನಿಮ್ ಕಥಿ ಓದ್ದೆ, ನಮ್ಮ್ ಅಬ್ಬಿ ಮಾತಾಡ್ದಂಗೆ ಆಯ್ತ್. ಇಲ್ಲ್ ನಮ್ಮೂರ್ ಮಕ್ಳ್ ಹತ್ತ್ ಜನ ಇತ್ತ್, ಹತ್ತ್ ಪುಸ್ತಕ ಕಳ್ಸುಕ್ ಆತ್ತಾ?" ಅಂತ. ಮೆಸೇಜ್ ಮುಗಿಯುವ ಮೊದಲೇ ಯುಪಿಐನಲ್ಲಿ 1,500 ರೂಪಾಯಿ ಬಂದಿತ್ತು, ಕೆಳಗೆ 'ಪುಸ್ತಕ' ಅಂತ ಕನ್ನಡದಲ್ಲಿ ಟೈಪ್ ಮಾಡಿದ್ದ.

ನಾನು ಊರಿನಲ್ಲೇ ಇದ್ದೆ. ಅಬ್ಬಿ ಹಳೆ ಸೀರೆಯ ಅಂಚು ಹರಿದು ಕಟ್ಟು ಬಿಗಿದು ಕೊಟ್ಟರು. ಮಳೆ ನೀರು ತಾಗದ ಹಾಗೆ ಎರಡು ಪ್ಲಾಸ್ಟಿಕ್ ಸುತ್ತಿ, ನಾವುಂದ ಅಂಚೆ ಕಚೇರಿಯ ಕಟ್ಟೆಯ ಮೇಲಿಟ್ಟೆ. ಅಲ್ಲಿದ್ದವರು ತೂಕಕ್ಕೆ ಇಡುತ್ತಾ ಕೇಳಿದರು.

"ಒಳ್ಗೆ ಎಂತ?"

"ಪುಸ್ತಕ."

"ಯಾರ್ದ್?"

"ನಂದೇ."

ಒಮ್ಮೆ ಮುಖ ನೋಡಿದರು, ಮತ್ತೆ ತಕ್ಕಡಿ ನೋಡಿದರು. "ಎರ್ಡ್ ಕೇಜಿ ಮೇಲೇ ಇತ್ತಲೆ ಮಾರಾಯ್ತಿ" ಅಂದು ಸ್ಪೀಡ್ ಪೋಸ್ಟ್ ರಸೀದಿ ಹರಿದು ಕೊಟ್ಟರು.